ಹೆಸರಿಗಿಂತ ಮೊದಲು ನೆನಪಾಗುವ ಮುಖ



ಒಂದು ಕ್ಷಣ ಕಣ್ಣು ಮುಚ್ಚಿಕೊಂಡು ಒಬ್ಬ ಪುಟ್ಟ ಹುಡುಗಿಯನ್ನು ಊಹಿಸಿಕೊಳ್ಳಿ. ಕೆಂಪು ಚುಕ್ಕೆಗಳಿರುವ ಬಿಳಿಯ ಫ್ರಾಕು, ಅದೇ ಬಟ್ಟೆಯ ರಿಬ್ಬನ್ನು, ನೀಲಿ ಕೂದಲಿನ ಪುಟ್ಟ ಜುಟ್ಟು, ದುಂಡು ಕೆನ್ನೆ. ನಾನು ಹೆಸರು ಹೇಳಲಿಲ್ಲ. ಆದರೂ ನಿಮ್ಮಲ್ಲಿ ಬಹಳಷ್ಟು ಮಂದಿಗೆ ಅವಳು ಯಾವ ಬೆಣ್ಣೆಯ ಹುಡುಗಿ ಎಂಬುದು ಈಗಾಗಲೇ ಹೊಳೆದಿರುತ್ತದೆ. ಇದನ್ನು ನಿಮಗೆ ಯಾವ ಮೇಷ್ಟರೂ ಕಲಿಸಲಿಲ್ಲ. ಪರೀಕ್ಷೆಗೆಂದು ನೀವು ಬಾಯಿಪಾಠ ಮಾಡಲೂ ಇಲ್ಲ. ಕಷ್ಟಪಟ್ಟು ಓದಿದ ಪಾಣಿಪತ್ ಯುದ್ಧದ ಇಸವಿ ಮರೆತುಹೋಗುತ್ತದೆ, ಯಾರೂ ಕಲಿಸದ ಈ ಮುಖ ಉಳಿಯುತ್ತದೆ. ಹೀಗೇಕೆ? ಈ ಮುಖಗಳು ಎಲ್ಲಿಂದ ಬಂದವು? ಅವು ನಮ್ಮ ನೆನಪಿನಲ್ಲಿ ಮನೆ ಮಾಡಿಕೊಂಡಿರುವುದರಿಂದ ನಮಗೇನು ಲಾಭ, ಏನು ನಷ್ಟ?

ಇಂತಹ ಪಾತ್ರಗಳಿಗೆ ಜಾಹೀರಾತಿನ ಭಾಷೆಯಲ್ಲಿ ‘ಮ್ಯಾಸ್ಕಾಟ್’ ಎನ್ನುತ್ತಾರೆ. ಅದೃಷ್ಟ ತರುವ ವಸ್ತು ಅಥವಾ ವ್ಯಕ್ತಿ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದ ಮಾತಿದು. ಮ್ಯಾಸ್ಕಾಟ್ ಬೇರೆ, ಮುದ್ರೆ ಬೇರೆ. ಮೈಸೂರು ಸ್ಯಾಂಡಲ್ ಸೋಪಿನ ಮೇಲೆ ಸಿಂಹದ ದೇಹ, ಆನೆಯ ತಲೆ ಇರುವ ಶರಭವನ್ನು ನೀವು ನೋಡಿದ್ದೀರಿ. ಅದು ಮುದ್ರೆ, ಗಂಭೀರವಾಗಿ ನಿಂತಿರುತ್ತದೆ. ಮ್ಯಾಸ್ಕಾಟ್ ಹಾಗಲ್ಲ. ಅದು ನಗುತ್ತದೆ, ಬಾಗಿ ನಮಸ್ಕರಿಸುತ್ತದೆ, ಕಿವಿಗೊಟ್ಟು ಕೇಳುತ್ತದೆ, ತುಂಟತನ ಮಾಡುತ್ತದೆ. ಒಟ್ಟಿನಲ್ಲಿ ಅದಕ್ಕೊಂದು ಸ್ವಭಾವವಿರುತ್ತದೆ.

ನಾಯಿ ಮತ್ತು ಟೈರು

ಕಾರ್ಖಾನೆಗಳು ಬರುವ ಮುನ್ನ, ಸರಕು ತಯಾರಿಸಿದವನ ಮುಖ ಗಿರಾಕಿಗೆ ಗೊತ್ತಿರುತ್ತಿತ್ತು. ಮಡಕೆ ಸೋರಿದರೆ ಕುಂಬಾರನ ಮನೆಗೇ ಹೋಗಿ ಕೇಳಬಹುದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಸರಕು ಹಡಗಿನಲ್ಲಿ, ರೈಲಿನಲ್ಲಿ ದೂರದಿಂದ ಬರತೊಡಗಿದಾಗ ಆ ಮುಖ ಕಾಣೆಯಾಯಿತು. ಅದರ ಜಾಗದಲ್ಲಿ ವ್ಯಾಪಾರಿಗಳು ಒಂದು ಚಿತ್ರವನ್ನು ಕೂರಿಸಿದರು. ಮ್ಯಾಂಚೆಸ್ಟರಿನಿಂದ ನಮ್ಮ ದೇಶಕ್ಕೆ ಬರುತ್ತಿದ್ದ ಬಟ್ಟೆಯ ಥಾನುಗಳ ಮೇಲೆ ಕೃಷ್ಣನ, ಲಕ್ಷ್ಮಿಯ ಚಿತ್ರಗಳಿರುವ ಚೀಟಿಗಳನ್ನು ಅಂಟಿಸುತ್ತಿದ್ದರು. ಓದು ಬಾರದವರೂ ಚಿತ್ರವನ್ನು ಗುರುತು ಹಿಡಿಯಬಲ್ಲರು. ಪರಿಚಿತ ದೇವರ ಮುಖವಿದ್ದರೆ ಅಪರಿಚಿತ ಸರಕಿನ ಮೇಲೂ ನಂಬಿಕೆ ಹುಟ್ಟುತ್ತದೆ. ಮುಂದೆ ಬಂದ ಮ್ಯಾಸ್ಕಾಟುಗಳ ತಳಹದಿ ಇದೇ.

ಅಂತಹ ಪಾತ್ರಗಳಲ್ಲಿ ನಮ್ಮ ಅಜ್ಜ ಅಜ್ಜಿಯರಿಗೂ ಪರಿಚಿತವಾಗಿದ್ದದ್ದು ಒಂದು ನಾಯಿ. ಅದರ ಹೆಸರು ನಿಪ್ಪರ್. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1884ರಲ್ಲಿ ಹುಟ್ಟಿದ ನಿಜವಾದ ನಾಯಿ. ಯಜಮಾನ ತೀರಿಕೊಂಡ ಮೇಲೆ ಅವನ ತಮ್ಮ, ಚಿತ್ರಕಾರ ಫ್ರಾನ್ಸಿಸ್ ಬ್ಯಾರೋ ಅದನ್ನು ಸಾಕಿದ. ನಿಪ್ಪರ್ 1895ರಲ್ಲಿ ಸತ್ತಿತು. ಯಂತ್ರದಿಂದ ಬರುವ ದನಿಯನ್ನು ತಲೆ ವಾಲಿಸಿ ಆಲಿಸುತ್ತಿರುವ ನಿಪ್ಪರ್‌ನ ಚಿತ್ರವನ್ನು ಬ್ಯಾರೋ ರಚಿಸಿದ್ದು ಅದಾದ ಮೂರು ವರ್ಷಗಳ ನಂತರ. ಚಿತ್ರದಲ್ಲಿದ್ದದ್ದು ಉರುಳೆಯ ಮೇಲೆ ಧ್ವನಿ ಮುದ್ರಿಸುವ ಫೋನೋಗ್ರಾಫ್. ಅದರ ಕಂಪೆನಿಯವರಿಗೆ ಚಿತ್ರ ಬೇಡವಾಯಿತು. 1899ರಲ್ಲಿ ಬ್ಯಾರೋ, ಮಾದರಿಗೆ ಒಂದು ಹಿತ್ತಾಳೆಯ ಕಹಳೆ ಬೇಕೆಂದು ಲಂಡನ್ನಿನ ಗ್ರಾಮಫೋನ್ ಕಂಪೆನಿಗೆ ಹೋದ. ಹಳೆಯ ಯಂತ್ರವನ್ನು ಅಳಿಸಿ ತಮ್ಮ ತಟ್ಟೆಯ ಯಂತ್ರವನ್ನು ಬರೆದುಕೊಟ್ಟರೆ ಚಿತ್ರವನ್ನೇ ಕೊಳ್ಳುವುದಾಗಿ ಅಲ್ಲಿನ ವ್ಯವಸ್ಥಾಪಕರು ಹೇಳಿದರು. ಚಿತ್ರಕ್ಕೆ 50 ಪೌಂಡು, ಹಕ್ಕಿಗೆ 50 ಪೌಂಡು. ‘ಹಿಸ್ ಮಾಸ್ಟರ್ಸ್ ವಾಯ್ಸ್’ ಎಂಬ ಆ ಚಿತ್ರದ ಹೆಸರೇ ಕಂಪೆನಿಯ ಹೆಸರಾಗಿ, ‘ಎಚ್.ಎಂ.ವಿ.’ ಆಯಿತು. ಅದೇ ಕಂಪೆನಿ 1908ರಲ್ಲಿ ಕಲ್ಕತ್ತಾದಲ್ಲಿ ತಟ್ಟೆಗಳ ಕಾರ್ಖಾನೆ ತೆರೆಯಿತು. ನಮ್ಮ ರಂಗಗೀತೆಗಳು ಕೂಡ ಆ ನಾಯಿಯ ಚಿತ್ರ ಹೊತ್ತ ತಟ್ಟೆಗಳಲ್ಲಿ ತಿರುಗಿ ಊರೂರು ತಲುಪಿದವು.

ಸುಮಾರು ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಇನ್ನೊಂದು ಪಾತ್ರ ಹುಟ್ಟಿತು. 1894ರಲ್ಲಿ ಲಿಯೋನ್ ನಗರದ ವಸ್ತುಪ್ರದರ್ಶನದಲ್ಲಿ ಮಿಶೆಲಿನ್ ಟೈರು ಕಂಪೆನಿಯ ಸೋದರರು ತಮ್ಮ ಮಳಿಗೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಟೈರುಗಳನ್ನು ನೋಡಿದರು. ಕೈಗಳನ್ನು ಸೇರಿಸಿದರೆ ಇದೇ ಒಬ್ಬ ಮನುಷ್ಯನಾಗುತ್ತದಲ್ಲ ಎಂದು ಎಡ್ವರ್ಡ್ ಮಿಶೆಲಿನ್‌ಗೆ ಅನ್ನಿಸಿತು. 1898ರಲ್ಲಿ ಓಗಲೋ ಎಂಬ ಹೆಸರಿನಿಂದ ಚಿತ್ರ ಬರೆಯುತ್ತಿದ್ದ ಕಲಾವಿದ ಆ ಟೈರು ಮನುಷ್ಯನನ್ನು ಭಿತ್ತಿಪತ್ರಕ್ಕೆ ಇಳಿಸಿದ. ವಿಶೇಷವೆಂದರೆ, ಬಿಯರ್ ತಯಾರಕರೊಬ್ಬರಿಗಾಗಿ ಆತ ಬರೆದಿದ್ದ, ಅವರು ಒಲ್ಲೆನೆಂದಿದ್ದ ಚಿತ್ರವೇ ಇದಕ್ಕೆ ಮೂಲ. ಟೈರು ಮನುಷ್ಯನ ಕೈಯಲ್ಲಿದ್ದ ಬಟ್ಟಲಿನ ತುಂಬ ಮೊಳೆ, ಗಾಜಿನ ಚೂರು! ಗಾಳಿ ತುಂಬಿದ ಟೈರು ಆಗಿನ್ನೂ ಹೊಸದು. ಪಂಕ್ಚರಿನ ಭಯ ಎಲ್ಲರಿಗೂ ಇತ್ತು. ದಾರಿಯ ಮುಳ್ಳುಗಳನ್ನೆಲ್ಲ ನಮ್ಮ ಟೈರು ಕುಡಿದುಬಿಡುತ್ತದೆ ಎಂಬುದು ಚಿತ್ರದ ಇಂಗಿತ. ಆ ಮನುಷ್ಯ ಇಂದಿಗೂ ಬೆಳ್ಳಗಿದ್ದಾನೆ. ಟೈರುಗಳಿಗೆ ಕಪ್ಪು ಬಣ್ಣ ಕೊಡುವ ಇಂಗಾಲದ ಪುಡಿಯನ್ನು ರಬ್ಬರಿಗೆ ಬೆರೆಸುವ ಪದ್ಧತಿ ಬಂದದ್ದು ಆಮೇಲೆ. ಅವನು ಹುಟ್ಟಿದಾಗ ಟೈರುಗಳ ಬಣ್ಣ ತಿಳಿಯಾಗಿತ್ತು.

ಮೈಸೂರಿನ ಕುಂಚದಿಂದ ಗಟ್ಟು

ಈಗ ನಮ್ಮ ದೇಶಕ್ಕೆ ಬರೋಣ. 1946ರಲ್ಲಿ ಟಾಟಾ ಏರ್‌ಲೈನ್ಸ್ ಸಂಸ್ಥೆ ಏರ್ ಇಂಡಿಯಾ ಆಯಿತು. ಅದೇ ವರ್ಷ ಸಂಸ್ಥೆಯ ಬಾಬಿ ಕೂಕಾ ಮತ್ತು ಜಾಹೀರಾತು ಕಂಪೆನಿಯೊಂದರ ಕಲಾವಿದ ಉಮೇಶ್ ರಾವ್ ಸೇರಿ ಗಿರಿಜಾ ಮೀಸೆಯ, ದೊಡ್ಡ ರುಮಾಲಿನ ‘ಮಹಾರಾಜ’ನನ್ನು ಸೃಷ್ಟಿಸಿದರು. ವಿಮಾನದೊಳಗೆ ಕೊಡುವ ಟಿಪ್ಪಣಿ ಹಾಳೆಗಳಿಗೆಂದು ಬರೆದ ಚಿತ್ರ ಅದು. ಮುಂದೆ ದೇಶ ದೇಶಗಳ ಭಿತ್ತಿಪತ್ರಗಳಲ್ಲಿ ಕಾಣಿಸಿಕೊಂಡಿತು. ವಿಮಾನ ಹತ್ತುವವರು ಕೆಲವೇ ಮಂದಿಯಾಗಿದ್ದ ಕಾಲದಲ್ಲಿ ಆ ಮಹಾರಾಜ ಉಳ್ಳವರ ಆತಿಥೇಯನಾಗಿದ್ದ.

ಜನಸಾಮಾನ್ಯರ ಮನೆಬಾಗಿಲಿಗೆ ಬಂದವನು ಗಟ್ಟು. ಏಷ್ಯನ್ ಪೇಂಟ್ಸ್ ಕಂಪೆನಿಯನ್ನು 1942ರಲ್ಲಿ ಬೊಂಬಾಯಿಯ ನಾಲ್ವರು ಗೆಳೆಯರು ಸಣ್ಣ ಮಟ್ಟದಲ್ಲಿ ಆರಂಭಿಸಿದ್ದರು. 1954ರಲ್ಲಿ ಅದಕ್ಕಾಗಿ ಈ ಹುಡುಗನನ್ನು ಬರೆದುಕೊಟ್ಟವರು ಆರ್.ಕೆ. ಲಕ್ಷ್ಮಣ್. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ನಮ್ಮ ‘ಕೊರವಂಜಿ’ ಹಾಸ್ಯಪತ್ರಿಕೆಗೆ ವ್ಯಂಗ್ಯಚಿತ್ರ ಬರೆದುಕೊಟ್ಟಿದ್ದ ಅದೇ ಲಕ್ಷ್ಮಣ್. ಆಗುಂಬೆಯಲ್ಲಿ ಚಿತ್ರೀಕರಣಗೊಂಡ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಆರಂಭದಲ್ಲಿ ಬರುವ ರೇಖಾಚಿತ್ರಗಳೂ ಅವರವೇ.

ಗಟ್ಟುವಿನ ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಬ್ರಷ್ಷು. ಕೆದರಿದ ಕೂದಲು ಹಣೆಯ ಮೇಲೆ ಇಳಿಬಿದ್ದಿದೆ. ಈಗಷ್ಟೇ ಯಾರದೋ ಗೋಡೆಗೆ ಬಣ್ಣ ಬಳಿದು ಬಂದ ತುಂಟನಂತೆ ಕಾಣುತ್ತಾನೆ. ಅವನಿಗೆ ಹೆಸರಿಡಲು ಕಂಪೆನಿ 500 ರೂಪಾಯಿ ಬಹುಮಾನದ ಸ್ಪರ್ಧೆ ನಡೆಸಿತು. ‘ಗಟ್ಟು’ ಎಂಬುದು ಹಾಗೆ ಓದುಗರಿಂದಲೇ ಬಂದ ಹೆಸರು. ದೊಡ್ಡ ವಿದೇಶಿ ಕಂಪೆನಿಗಳು ನಗರಗಳನ್ನು ನೆಚ್ಚಿಕೊಂಡಿದ್ದಾಗ ಈ ಕಂಪೆನಿ ಸಣ್ಣ ಸಣ್ಣ ಡಬ್ಬಿಗಳಲ್ಲಿ ಬಣ್ಣ ತುಂಬಿ ಹಳ್ಳಿಗಳ ಕಡೆ ಹೊರಟಿತು. ನಮ್ಮಲ್ಲಿ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವಂತೆ ಮಹಾರಾಷ್ಟ್ರದಲ್ಲಿ ಪೋಳಾ ಹಬ್ಬಕ್ಕೆ ಹಚ್ಚುತ್ತಾರೆ. ಕೋಡಿಗೆ ಎಷ್ಟು ಬಣ್ಣ ಬೇಕು? ಒಂದು ಪುಟ್ಟ ಡಬ್ಬಿ ಸಾಕು. ಆ ಡಬ್ಬಿಯ ಹೆಸರು ಓದಲಾರದ ರೈತನೂ ‘ಆ ಹುಡುಗನ ಚಿತ್ರದ ಬಣ್ಣ ಕೊಡಿ’ ಎಂದು ಕೇಳಬಹುದಿತ್ತು. 1967ರ ಹೊತ್ತಿಗೆ ಕಂಪೆನಿ ದೇಶದ ಬಣ್ಣದ ಉದ್ಯಮದಲ್ಲಿ ಮೊದಲ ಸ್ಥಾನಕ್ಕೇರಿತ್ತು. ಎಲ್ಲವೂ ಗಟ್ಟುವಿನಿಂದಲೇ ಆಯಿತೆಂದು ಹೇಳುವುದು ಸರಿಯಲ್ಲ. ಸಣ್ಣ ಡಬ್ಬಿಯೂ, ಹಳ್ಳಿಯವರೆಗೆ ಹಬ್ಬಿದ ಅಂಗಡಿಗಳ ಜಾಲವೂ ಇಲ್ಲದಿದ್ದರೆ ಗಟ್ಟು ಬರಿಯ ಚಿತ್ರವಾಗಿ ಉಳಿಯುತ್ತಿದ್ದ.

ಬೇಗ ಬರೆಯಬಹುದಾದ ಹುಡುಗಿ

ನಾವು ಮೊದಲು ನೆನಪಿಸಿಕೊಂಡ ಅಮುಲ್ ಹುಡುಗಿ ಬಂದದ್ದು 1966ರಲ್ಲಿ. ಜಾಹೀರಾತು ತಜ್ಞ ಸಿಲ್ವೆಸ್ಟರ್ ಡ ಕುನ್ಹಾ ಮತ್ತು ಕಲಾವಿದ ಯೂಸ್ಟೇಸ್ ಫರ್ನಾಂಡಿಸ್ ಅವಳನ್ನು ರೂಪಿಸಿದರು. ಆಗ ಬೀದಿಯ ದೊಡ್ಡ ಫಲಕಗಳನ್ನು ಕಲಾವಿದರು ಕೈಯಲ್ಲೇ ಬರೆಯುತ್ತಿದ್ದರು. ಅವನ್ನು ಮತ್ತೆ ಮತ್ತೆ ಬದಲಾಯಿಸಬೇಕಿತ್ತು. ಆದ್ದರಿಂದ ಬರೆಯಲು ಸುಲಭವಾಗಿರಬೇಕು, ನೆನಪಿನಲ್ಲಿಯೂ ಉಳಿಯಬೇಕು ಎಂಬುದು ಸಂಸ್ಥೆಯ ಮುಖ್ಯಸ್ಥ ವರ್ಗೀಸ್ ಕುರಿಯನ್ ಅವರ ಸೂಚನೆಯಾಗಿತ್ತು. ಅವಳ ಮುಖವನ್ನು ಇನ್ನೊಮ್ಮೆ ಗಮನಿಸಿ ನೋಡಿ: ಮೂಗನ್ನೇ ಬರೆದಿಲ್ಲ! ನಾವು ಅದನ್ನು ಗಮನಿಸುವುದೂ ಇಲ್ಲ. ಜೊತೆಗೆ ಕುರಿಯನ್ ಇನ್ನೊಂದು ದೊಡ್ಡ ಕೆಲಸ ಮಾಡಿದರು. ಪ್ರತಿ ಫಲಕಕ್ಕೂ ತಮ್ಮ ಒಪ್ಪಿಗೆ ಬೇಕೆಂದು ಹಟ ಹಿಡಿಯದೆ ಕಲಾವಿದರಿಗೆ ಸ್ವಾತಂತ್ರ್ಯ ಕೊಟ್ಟರು. ಹಾಗಾಗಿ ಕ್ರಿಕೆಟ್ಟು, ಚುನಾವಣೆ, ಸಿನಿಮಾ, ಬೆಲೆ ಏರಿಕೆ ಎನ್ನದೆ ಆಯಾ ವಾರದ ಸುದ್ದಿಯ ಮೇಲೆ ಅವಳು ಚಟಾಕಿ ಹಾರಿಸತೊಡಗಿದಳು. ಜನ ಜಾಹೀರಾತನ್ನು ನೋಡುತ್ತಿದ್ದೇವೆ ಎಂಬುದನ್ನು ಮರೆತು, ಅವಳು ಈ ಸಲ ಏನು ಹೇಳಿದ್ದಾಳೆ ಎಂದು ನೋಡತೊಡಗಿದರು.

ನೆನಪಿನ ಗುಟ್ಟು

ಇಷ್ಟು ಉದಾಹರಣೆಗಳಿಂದ ಏನು ತಿಳಿಯುತ್ತದೆ? ಒಂದು ಪ್ರಯೋಗ ಮಾಡಿ. ಪೆನ್ಸಿಲ್ ತೆಗೆದುಕೊಂಡು, ಈ ಪಾತ್ರಗಳಲ್ಲಿ ಯಾವುದಾದರೊಂದನ್ನು ನೋಡದೆ ಹತ್ತು ಗೆರೆಗಳಲ್ಲಿ ಬರೆಯಿರಿ. ಚಿತ್ರ ಸೊಟ್ಟಗಿದ್ದರೂ ಪಕ್ಕದಲ್ಲಿದ್ದವರು ಗುರುತು ಹಿಡಿಯುತ್ತಾರೆ. ಗೆರೆ ಕಡಿಮೆ, ಗುರುತು ಸ್ಪಷ್ಟ ಎಂಬುದು ಮೊದಲ ಗುಟ್ಟು. ಪ್ರತಿ ಪಾತ್ರಕ್ಕೂ ಒಂದೇ ಭಂಗಿ ಅಥವಾ ಒಂದೇ ಸ್ವಭಾವ ಎಂಬುದು ಎರಡನೆಯದು: ನಿಪ್ಪರ್ ಕೇಳುತ್ತದೆ, ಮಹಾರಾಜ ಬಾಗುತ್ತಾನೆ, ಗಟ್ಟು ಬಣ್ಣ ಬಳಿಯುತ್ತಾನೆ. ಮೂರನೆಯದು ಕಾಲ. ದೂರದರ್ಶನದಲ್ಲಿ ಕಾರ್ಯಕ್ರಮ ಮಾಡುವ ನಮಗೆ ಇದು ಚೆನ್ನಾಗಿ ಗೊತ್ತು. ಒಂದು ಗುರುತುಚಿತ್ರವನ್ನು ತಯಾರಿಸಿದವರಿಗೆ ಅದು ಬೇಗ ಹಳತೆನಿಸುತ್ತದೆ; ನೋಡುಗರು ಅದನ್ನು ತಮ್ಮದೆಂದುಕೊಳ್ಳುವುದು ಆಮೇಲೆಯೇ. ಅಲ್ಲಿಯವರೆಗೆ ಬದಲಾಯಿಸದೆ ಕಾಯಬೇಕು.

ನಾಲ್ಕನೆಯ ಗುಟ್ಟು ಜೀವಶಾಸ್ತ್ರಕ್ಕೆ ಸೇರಿದ್ದು. ದೊಡ್ಡ ತಲೆ, ಅಗಲವಾದ ಹಣೆ, ದೊಡ್ಡ ಕಣ್ಣು, ದುಂಡು ಕೆನ್ನೆ ಕಂಡರೆ ನಮ್ಮಲ್ಲಿ ತಾನಾಗಿಯೇ ಮಮತೆ ಹುಟ್ಟುತ್ತದೆ ಎಂದು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1943ರಲ್ಲಿ ವಿವರಿಸಿದ. ಇವೆಲ್ಲ ಎಳೆಮಗುವಿನ ಲಕ್ಷಣಗಳು. ಮಗುವನ್ನು ಕಾಪಾಡಲೆಂದು ನಮ್ಮೊಳಗಿರುವ ಈ ಗುಣ, ಮಗುವಲ್ಲದ ಚಿತ್ರಕ್ಕೂ ಓಗೊಡುತ್ತದೆ. ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ 1979ರಲ್ಲಿ ಮಿಕ್ಕಿ ಮೌಸ್‌ನ ಹಳೆಯ ಹೊಸ ಚಿತ್ರಗಳನ್ನು ಅಳೆದು, ವರ್ಷಗಳು ಕಳೆದಂತೆ ಅದರ ತಲೆಯೂ ಕಣ್ಣೂ ದೊಡ್ಡದಾಗುತ್ತ ಬಂದಿವೆ ಎಂದು ತೋರಿಸಿದ. ವಯಸ್ಸಾದಂತೆ ಮಿಕ್ಕಿ ಮಗುವಾಗುತ್ತ ಹೋಯಿತು! ಅಮುಲ್ ಹುಡುಗಿಯ ಮುಖದಲ್ಲಿಯೂ ಈ ಲಕ್ಷಣಗಳನ್ನು ನೀವೇ ಎಣಿಸಬಹುದು.

ಪ್ರಶ್ನೆ ಕೇಳಲಾಗದ ವಯಸ್ಸು

ಮಮತೆ ಹುಟ್ಟಿದ ಮೇಲೆ ಪ್ರಶ್ನೆ ಕೇಳುವುದು ಕಷ್ಟ. ಇಲ್ಲಿಯೇ ಅಪಾಯವೂ ಇದೆ. ಅಮೆರಿಕದಲ್ಲಿ 1988ರಿಂದ ಒಂದು ಸಿಗರೇಟಿನ ಜಾಹೀರಾತಿನಲ್ಲಿ ‘ಜೋ ಕ್ಯಾಮೆಲ್’ ಎಂಬ ಠಾಕುಠೀಕಾದ ಒಂಟೆ ಕಾಣಿಸಿಕೊಂಡಿತು. 1991ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮೂರರಿಂದ ಆರು ವರ್ಷದ 229 ಮಕ್ಕಳಿಗೆ ಬಗೆಬಗೆಯ ಗುರುತುಚಿತ್ರಗಳನ್ನು ಕೊಟ್ಟು, ಅವು ಯಾವ ವಸ್ತುವಿಗೆ ಸೇರಿದವೆಂದು ಹೊಂದಿಸಲು ಹೇಳಿದ್ದರು. ಆರು ವರ್ಷದವರಲ್ಲಿ ಶೇಕಡಾ 91ರಷ್ಟು ಮಕ್ಕಳು ಆ ಒಂಟೆಯನ್ನು ಸಿಗರೇಟಿಗೆ ಸರಿಯಾಗಿ ಹೊಂದಿಸಿದರು. ಮಿಕ್ಕಿ ಮೌಸ್‌ನಷ್ಟೇ ಆ ಒಂಟೆಯೂ ಅವರಿಗೆ ಪರಿಚಿತವಾಗಿತ್ತು! ಸಿಗರೇಟಿನ ಹೊಗೆ ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ತಿಳಿಯದ ವಯಸ್ಸಿನಲ್ಲಿ ಸಿಗರೇಟಿನ ಗೆಳೆಯ ಮಾತ್ರ ಮನಸ್ಸಿನೊಳಗೆ ಬಂದು ಕುಳಿತಿದ್ದ. ಟೀಕೆ, ಮೊಕದ್ದಮೆಗಳ ನಡುವೆ ಕಂಪೆನಿ 1997ರಲ್ಲಿ ಆ ಒಂಟೆಯನ್ನು ಕೈಬಿಟ್ಟಿತು. ನಮ್ಮ ದೇಶದಲ್ಲಿ 2003ರ ಕಾಯಿದೆ ತಂಬಾಕಿನ ಜಾಹೀರಾತನ್ನು ನಿಷೇಧಿಸಿತು. ಚಿಲಿ ದೇಶ 2016ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಕ್ಕರೆ ವಿಪರೀತವಾಗಿರುವ ತಿನಿಸುಗಳ ಪೊಟ್ಟಣಗಳಿಂದ ಮಕ್ಕಳನ್ನು ಸೆಳೆಯುವ ಕಾರ್ಟೂನ್ ಪಾತ್ರಗಳನ್ನು ತೆಗೆಸಿತು.

ನೆನಪಿಡಿ, ಗಟ್ಟುವನ್ನು ನಮ್ಮ ಮನಸ್ಸಿಗೆ ತಂದ ಕೌಶಲವೂ ಆ ಒಂಟೆಯನ್ನು ತಂದ ಕೌಶಲವೂ ಒಂದೇ. ಪಾತ್ರ ಚೆನ್ನಾಗಿದೆ ಎಂಬುದರಿಂದ ಅದರ ಹಿಂದಿರುವ ಸರಕು ಚೆನ್ನಾಗಿದೆ ಎಂದಾಗುವುದಿಲ್ಲ. ನಾವು ಎಷ್ಟೇ ಪ್ರೀತಿಸಿದರೂ ಈ ಪಾತ್ರಗಳು ಕಂಪೆನಿಯ ಕೆಲಸಗಾರರು. ಸುಮಾರು ಅರ್ಧ ಶತಮಾನ ಡಬ್ಬಿ ಹಿಡಿದು ನಿಂತಿದ್ದ ಗಟ್ಟುವನ್ನು ಕಂಪೆನಿ 2002ರಲ್ಲಿ ನಿವೃತ್ತಿಗೊಳಿಸಿತು. ಬಣ್ಣದ ಮಾರಾಟ ನಿಲ್ಲಲಿಲ್ಲ.

ಮಡಕೆ ಸೋರಿದರೆ ಕುಂಬಾರನ ಮನೆಗೆ ಹೋಗಬಹುದಿತ್ತು ಎಂದೆನಲ್ಲ, ಈ ಪಾತ್ರಗಳ ಮನೆಗೆ ಹೋಗಲಾಗದು. ಆದರೆ ಪೊಟ್ಟಣವನ್ನು ತಿರುಗಿಸಬಹುದು. ತಯಾರಕರ ಹೆಸರು, ವಿಳಾಸ, ತೂಕ, ತಯಾರಾದ ತಿಂಗಳು, ಗರಿಷ್ಠ ಬೆಲೆ ಇವೆಲ್ಲ ಇರಲೇಬೇಕೆಂದು ನಮ್ಮ ಕಾನೂನು ಹೇಳುತ್ತದೆ. ಅವು ಹೆಚ್ಚಾಗಿ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಇರುತ್ತವೆ. ಇನ್ನು ಮುಂದೆ ಅಂಗಡಿಗೆ ಹೋದಾಗ ಮುಂಬದಿಯ ಮುಖವನ್ನು ನೋಡಿ ಸಂತೋಷಪಡಿ. ಅದನ್ನು ಬರೆದ ಕಲಾವಿದರ ಜಾಣ್ಮೆಯನ್ನು ಮೆಚ್ಚಿಕೊಳ್ಳಿ. ಆಮೇಲೆ ಪೊಟ್ಟಣ ತಿರುಗಿಸಿ, ಆ ಸಣ್ಣ ಅಕ್ಷರಗಳನ್ನು ಓದಿ, ದುಡ್ಡು ಕೊಡಿ.