486ರಿಂದ ಎನ್100ರವರೆಗೆ: ಮನೆ ರೂಟರಿನ ವ್ಯಾಟ್ ಲೆಕ್ಕ

ಮನೆಯಲ್ಲಿ ವರ್ಷವಿಡೀ ಆಫ್ ಆಗದೆ ಓಡೋ ಸಾಮಾನು ಎರಡು: ಫ್ರಿಜ್ ಮತ್ತು ರೂಟರ್. ಫ್ರಿಜ್ ಕೊಳ್ಳುವಾಗ ಸ್ಟಾರ್ ಎಣಿಸ್ತೀವಿ, ರೂಟರಿಗೆ ವ್ಯಾಟ್ ಕೇಳೋರು ಕಮ್ಮಿ. ಹಳೇ ಡೆಸ್ಕ್‌ಟಾಪನ್ನೇ ರೂಟರ್ ಮಾಡೋಣ ಅಂತ ಹೊರಡುವ ನಮ್ಮಂಥವರಿಗಂತೂ ಈ ಪ್ರಶ್ನೆ ಮುಖ್ಯ. ಅದರ ಇತಿಹಾಸ ಇವತ್ತು ಹೇಳ್ತೀನಿ.

1990ರ ದಶಕದ ಕೊನೆಯಲ್ಲಿ ಲಿನಕ್ಸ್ ರೂಟರ್ ಪ್ರಾಜೆಕ್ಟ್ ಇತ್ತು. 1.44 ಎಂಬಿಯ ಒಂದೇ ಫ್ಲಾಪಿಯಲ್ಲಿ ಇಡೀ ರೂಟರ್! ಮೂಲೆಗೆ ಬಿದ್ದ 486ಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿದರೆ ಕೆಲಸ ನಡೀತಿತ್ತು. ಪೆಟ್ಟಿಗೆ ಪುಕ್ಕಟೆ, ಕರೆಂಟ್ ಪುಕ್ಕಟೆ ಅಲ್ಲ. ಲೆಕ್ಕ ನೋಡಿ: 60 ವ್ಯಾಟ್ ಎಳೆಯುವ ಪಿಸಿ ವರ್ಷಕ್ಕೆ ಸುಮಾರು 525 ಯೂನಿಟ್ ತಿನ್ನುತ್ತೆ, 6 ವ್ಯಾಟಿನದು 53. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ವ್ಯತ್ಯಾಸ 3,700 ರೂಪಾಯಿ ದಾಟುತ್ತೆ.

ಈ ಲೆಕ್ಕಕ್ಕೆ ಉತ್ತರವಾಗಿ ಸಣ್ಣ ಬೋರ್ಡುಗಳು ಬಂದವು. ಸೋಕ್ರಿಸ್ ನೆಟ್4501ರಲ್ಲಿ 133 ಮೆಗಾಹರ್ಟ್ಸ್‌ನ 486 ದರ್ಜೆಯ ಎಎಂಡಿ ಚಿಪ್, ಮೂರು ಈಥರ್ನೆಟ್ ಪೋರ್ಟ್, ಫ್ಯಾನ್ ಇಲ್ಲ. 2003ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯಾನುಯೆಲ್ ಕಾಸ್ಪರ್ ಇಂಥ ಬೋರ್ಡುಗಳಿಗಾಗಿ ಫ್ರೀಬಿಎಸ್‌ಡಿ ಮೇಲೆ ಎಂ0ಎನ್0ವಾಲ್ ಕಟ್ಟಿದರು. ಮರುವರ್ಷ ಅದರಿಂದ ಪಿಎಫ್‌ಸೆನ್ಸ್ ಕವಲೊಡೆಯಿತು. ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿಯ ಜಿಪಿಎಲ್ ಕೋಡ್ ಹೊರಬಂದ ಮೇಲೆ, ಅದೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು.

ಆಮೇಲಿನದು ಪಿಸಿ ಎಂಜಿನ್ಸ್ ಕಾಲ. ಇದೂ ಸ್ವಿಸ್ ಕಂಪನಿ. ಅವರ ಅಲಿಕ್ಸ್ ಬೋರ್ಡಿನಲ್ಲಿ 500 ಮೆಗಾಹರ್ಟ್ಸ್ ಜಿಯೋಡ್. ನಂತರದ ಎಪಿಯು2ರಲ್ಲಿ 1 ಗಿಗಾಹರ್ಟ್ಸ್‌ನ ನಾಲ್ಕು ಕೋರ್, ಚಿಪ್ಪಿನ ಟಿಡಿಪಿ ಬರೀ 6 ವ್ಯಾಟ್. 12 ವೋಲ್ಟ್ ಡಿಸಿಯಲ್ಲೇ ಓಡ್ತಿದ್ದರಿಂದ ಕರೆಂಟ್ ಹೋದಾಗ ಇನ್ವರ್ಟರ್ ಬೇಡ, ಪುಟ್ಟ ಡಿಸಿ ಯುಪಿಎಸ್ ಸಾಕು.

ಆದರೆ ಫೈಬರ್ ಬಂದ ಮೇಲೆ ಕಥೆ ತಿರುಗಿತು. ನಮ್ಮಲ್ಲಿ ಎಷ್ಟೋ ಕನೆಕ್ಷನ್‌ಗಳು ಪಿಪಿಪಿಒಇ. ಫ್ರೀಬಿಎಸ್‌ಡಿಯಲ್ಲಿ ಪಿಪಿಪಿಒಇ ಮೂಲಕ ಒಳಬರುವ ಟ್ರಾಫಿಕ್ಕಿನ ಭಾರವೆಲ್ಲ ಸಾಮಾನ್ಯವಾಗಿ ಒಂದೇ ಕೋರಿನ ತಲೆ ಮೇಲೆ. ಉಳಿದ ಮೂರು ಕೋರ್ ಮದುವೆ ಮನೆಗೆ ಬಂದ ನೆಂಟರ ಥರ ಕೂತು ನೋಡ್ತಿರುತ್ತವೆ! 100 ಎಂಬಿಪಿಎಸ್‌ಗೆ ಆರಾಮಾಗಿದ್ದ ಎಪಿಯು2, ಗಿಗಾಬಿಟ್ ಎದುರು ಏದುಸಿರು ಬಿಟ್ಟಿತು. ಕೋರ್ ಎಷ್ಟು ಅನ್ನೋದಕ್ಕಿಂತ ಒಂದು ಕೋರಿನ ವೇಗ ಎಷ್ಟು ಅನ್ನೋದೇ ಇಲ್ಲಿ ಮುಖ್ಯ.

ರಾಸ್ಪ್‌ಬೆರಿ ಪೈ ಸಾಲಲ್ವಾ? 3ಬಿ+ವರೆಗೂ ಅದರ ಈಥರ್ನೆಟ್ ಯುಎಸ್‌ಬಿ 2.0 ಮೂಲಕ ಹಾದು ಹೋಗುತ್ತಿತ್ತು, 300 ಎಂಬಿಪಿಎಸ್ ಆಸುಪಾಸಿಗೆ ನಿಲ್ಲುತ್ತಿತ್ತು. 2019ರ ಪೈ 4ರಲ್ಲಿ ನಿಜವಾದ ಗಿಗಾಬಿಟ್ ಬಂತು, ಆದರೆ ಪೋರ್ಟ್ ಒಂದೇ.

2023ರಲ್ಲಿ ಪಿಸಿ ಎಂಜಿನ್ಸ್ ಎಪಿಯು ಸರಣಿಗೆ ಮಂಗಳ ಹಾಡಿತು. ಅದೇ ವರ್ಷ ಇಂಟೆಲ್ ಎನ್100 ಬಂತು: ಟಿಡಿಪಿ ಅದೇ 6 ವ್ಯಾಟ್, ಕೋರ್ ಅದೇ ನಾಲ್ಕು, ಒಂದೊಂದು ಕೋರೂ ಎಷ್ಟೋ ಪಟ್ಟು ಚುರುಕು. ನೆನಪಿರಲಿ, ಟಿಡಿಪಿ ಅಂದರೆ ಗೋಡೆಯ ಸಾಕೆಟ್ಟಿನಿಂದ ಎಳೆಯುವ ವ್ಯಾಟ್ ಅಲ್ಲ. ನಾಲ್ಕು ಪೋರ್ಟು, ರ್‍ಯಾಮ್, ಅಡಾಪ್ಟರ್ ಸೇರಿದರೆ ಅದಕ್ಕಿಂತ ಜಾಸ್ತಿ.

ಹಾಗಾದರೆ ಏನು ತಗೋಬೇಕು? ನನ್ನ ಲೆಕ್ಕ ಸರಳ. 300 ಎಂಬಿಪಿಎಸ್ ಒಳಗಿದ್ದರೆ ಓಪನ್‌ಡಬ್ಲ್ಯುಆರ್‌ಟಿ ಓಡುವ ಪುಟ್ಟ ಎಆರ್‌ಎಂ ಬಾಕ್ಸ್ ಸಾಕು. ಗಿಗಾಬಿಟ್, ವಿಪಿಎನ್ ಎರಡೂ ಬೇಕಿದ್ದರೆ ಎನ್100. ಅಟ್ಟದ ಮೇಲಿನ ಹಳೇ ಪಿಸಿ ಕಲಿಯೋಕೆ ಚೆನ್ನ, ವರ್ಷವಿಡೀ ಓಡಿಸೋಕಲ್ಲ. ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತೆ ಅನ್ನೋದನ್ನೂ ನೋಡಿ. ಆಫೀಸ್ ಲ್ಯಾಪ್‌ಟಾಪು, ಬ್ಯಾಂಕಿನ ವ್ಯವಹಾರ, ಊರಲ್ಲಿರೋ ಅಪ್ಪ ಅಮ್ಮನ ಜತೆ ವಿಡಿಯೊ ಕಾಲ್, ಎಲ್ಲವೂ ಆ ಒಂದು ಪೆಟ್ಟಿಗೆ ದಾಟಿಯೇ ಹೋಗೋದು.