ವಾಗಿನಗೇರಿಯ ಆಟ ಮತ್ತು ಪರವಾನಗಿಯ ಅವಧಿ

ಸುರಪುರದ ಬೇಡ ನಾಯಕರ ಚರಿತ್ರೆಯನ್ನಾಧರಿಸಿ, ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆಟದ ಪುಸ್ತಕವೊಂದನ್ನು ಸ್ವತಂತ್ರ ಲೇಖಕನೊಬ್ಬನು ಪ್ರಕಟಿಸಲೆಳಸಿದನೆನ್ನೋಣ. 1705ರಲ್ಲಿ ಔರಂಗಜೇಬನ ಸೈನ್ಯವು ಆ ನಾಯಕರ ಕೋಟೆಯಾದ ವಾಗಿನಗೇರಿಯನ್ನು ಮುತ್ತಿದುದಾಗಲಿ, 1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಆಂಗ್ಲರ ವಿರುದ್ಧ ಎದ್ದುನಿಂತುದಾಗಲಿ ಯಾರ ಸ್ವತ್ತೂ ಅಲ್ಲ. ಚಾರಿತ್ರಿಕ ಸಂಗತಿಗೆ ಕೃತಿಸ್ವಾಮ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ನಿರ್ಣಯಿಸಿದೆ. ಸುರಪುರದಲ್ಲಿ ಆಂಗ್ಲರ ಅಧಿಕಾರಿಯಾಗಿದ್ದು 1876ರಲ್ಲಿ ಗತಿಸಿದ ಮೆಡೋಸ್ ಟೇಲರನ ಆತ್ಮಕಥೆಯೂ ಸರ್ವರಿಗೂ ಮುಕ್ತವಾದುದೇ.

ವಿವಾದವಿರುವುದು ಲೇಖಕನು ಸ್ವಂತವಾಗಿ ಕೂಡಿಸಿದ ಕೋಟೆಯ ನಕ್ಷೆ, ಬೇಡರ ಪಡೆಯ ಬಂಟನ ಪಾತ್ರವಿವರ, ಮುತ್ತಿಗೆಯ ಪ್ರಸಂಗಗಳು ಇವುಗಳನ್ನು ಪರರಿಗೆ ಬಿಟ್ಟುಕೊಡುವ ಕ್ರಮದಲ್ಲಿ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಒಡೆಯರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯವರು 2000ದ ತಮ್ಮ ಮುಕ್ತ ಪರವಾನಗಿಯನ್ನು ಬದಲಿಸಹೊರಟು, ವಿರೋಧಕ್ಕೆ ಮಣಿದು, 2023ರ ಜನವರಿ 27ರಂದು ಮೂಲನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಸಿದ್ಧ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಂದಿನಿಂದ, ಕೊಟ್ಟುದನ್ನು ಹಿಂತೆಗೆಯಬಹುದೇ ಎಂಬುದೊಂದೇ ಮುಖ್ಯ ಪ್ರಶ್ನೆಯೆಂಬ ಮತ ಬಲಿತಿದೆ. ನನಗೆ ಇದು ಸಮ್ಮತವಲ್ಲ; ಅವಧಿ, ಪ್ರದೇಶಗಳ ಪ್ರಶ್ನೆಯೂ ಅಷ್ಟೇ ಮುಖ್ಯ.

1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ 30ಎ ಕಲಮು, ಹತ್ತೊಂಬತ್ತನೆಯ ಕಲಮನ್ನು 'ಅಗತ್ಯ ಮಾರ್ಪಾಟುಗಳೊಡನೆ' ಪರವಾನಗಿಗೂ ಅನ್ವಯಿಸುತ್ತದೆ. ಅವಧಿಯನ್ನು ಹೇಳದಿದ್ದರೆ ಐದು ವರ್ಷ, ಪ್ರದೇಶವನ್ನು ಹೇಳದಿದ್ದರೆ ಭಾರತ ಮಾತ್ರ ಎಂಬುದು ಹತ್ತೊಂಬತ್ತನೆಯ ಕಲಮಿನ ವಿಧಿ. ಆದುದರಿಂದ ಪುಸ್ತಕದ ಬೆನ್ನಪುಟದಲ್ಲಿ 'ಯಾರಾದರೂ ಬಳಸಬಹುದು' ಎಂದಷ್ಟೇ ಅಚ್ಚು ಹಾಕಿಸಿದರೆ, ಆ ಔದಾರ್ಯವು ಆರನೆಯ ವರ್ಷಕ್ಕೆ ಕಾಲಿಡಲಾರದು. ಅಮೆರಿಕೆಯಲ್ಲಿ ನೆಲಸಿದ ಶಹಾಪುರದವನೊಬ್ಬನು ಅಲ್ಲಿ ಅದಕ್ಕೆ ಅನುಬಂಧವನ್ನು ಮುದ್ರಿಸಿದರೆ ಅವನಿಗೆ ಆ ವಾಕ್ಯದ ಆಶ್ರಯವೂ ದೊರೆಯಲಾರದು. ಇದನ್ನು ನಿರ್ವಿವಾದವೆಂದು ನಾನು ಸಾರುವುದಿಲ್ಲ. 'ಅಗತ್ಯ ಮಾರ್ಪಾಟು' ಎಂಬ ಮಾತಿಗೆ ಉದಾರವಾದ ಅರ್ಥವನ್ನು ಹೇಳಿ, ಲೋಕಕ್ಕೆಲ್ಲ ಉಚಿತವಾಗಿ ಕೊಟ್ಟುದಕ್ಕೆ ಈ ಮಿತಿ ತಗಲದೆಂದು ನ್ಯಾಯಾಲಯವು ಭಾವಿಸಬಹುದು. ಆದರೂ ಆ ಭರವಸೆಯ ಮೇಲೆ ಪುಸ್ತಕ ಅಚ್ಚು ಹಾಕಿಸುವುದು ಜಾಣತನವಲ್ಲ.

ವಿಝರ್ಡ್ಸ್ ಸಂಸ್ಥೆಯ 2000ದ ಪರವಾನಗಿಯಲ್ಲಿ ಶಾಶ್ವತ, ವಿಶ್ವವ್ಯಾಪಿ ಎಂಬ ಮಾತುಗಳಿವೆ, ಹಿಂತೆಗೆಯಲಾಗದೆಂಬ ಮಾತಿಲ್ಲ. ಕ್ರಿಯೇಟಿವ್ ಕಾಮನ್ಸ್‌ನ ನಾಲ್ಕನೆಯ ಆವೃತ್ತಿಯು ಕೃತಿಸ್ವಾಮ್ಯದ ಪೂರ್ಣಾವಧಿಗೆ, ಜಗತ್ತಿನಾದ್ಯಂತ, ಹಿಂತೆಗೆಯದಂತೆ ಎಂದು ಮೂರನ್ನೂ ಸ್ಪಷ್ಟವಾಗಿ ಹೇಳುತ್ತದೆ. ಕಾದಂಬರಿಕಾರ ನಿರಂಜನರ ಕೃತಿಗಳು 2014ರಲ್ಲಿ ಇದರಡಿಯಲ್ಲೇ, ಬಳಸಿದವನೂ ತನ್ನ ರಚನೆಯನ್ನು ಹಾಗೆಯೇ ಹಂಚಬೇಕೆಂಬ ಕಟ್ಟಳೆಯೊಡನೆ ಮುಕ್ತವಾದುವು. ಸುರಪುರದ ಆಟಕ್ಕೂ ಇದೇ ಯೋಗ್ಯ. ಕ್ರಿಯೇಟಿವ್ ಕಾಮನ್ಸ್‌ನ ವಾಣಿಜ್ಯನಿಷೇಧದ ಬಗೆಯಂತೂ ಬೇಡ: ಪ್ರತಿಗಳನ್ನು ಮುದ್ರಿಸಿ ನಾಲ್ಕು ಕಾಸು ಸಂಪಾದಿಸಬಯಸುವ ಯಾದಗಿರಿಯ ಚಿಕ್ಕ ಪ್ರಕಾಶಕನನ್ನು ಅದು ಮೊದಲು ಹೊರಗಿಡುತ್ತದೆ.

ಬೇರೆ ರೀತಿ ಹೇಳದಿದ್ದರೆ ಒಂದು ವರ್ಷ ಚಲಾಯಿಸದ ಹಕ್ಕು ಕಳೆದುಹೋಗುವುದೆಂಬ 19(4)ನೆಯ ಉಪಕಲಮು, ನಿರ್ದಿಷ್ಟ ಪಡೆಯುವವನೇ ಇಲ್ಲದ ಮುಕ್ತ ಪರವಾನಗಿಯನ್ನು ತಟ್ಟುವುದೇ ಎಂಬುದು ಇನ್ನೂ ವಿಚಾರಾರ್ಹವಾಗಿಯೇ ಉಳಿದಿದೆ. ಅದು ಇತ್ಯರ್ಥವಾಗುವವರೆಗೆ, ಈ ಉಪಕಲಮು ತನ್ನ ಕೃತಿಗೆ ಅನ್ವಯಿಸದೆಂಬ ಪ್ರತ್ಯೇಕ ವಾಕ್ಯವೊಂದನ್ನು ಲೇಖಕನು ಪರವಾನಗಿಯ ಕೆಳಗೆ ಸೇರಿಸುವುದು ಒಳಿತು.