ಬೇಲಿಯಂಚಿನ ಹೂವಿನ ಋಣ

ಸೂರ್ಯನಿಗೆ ಒಲಿದ ಹೂವು ಯಾವುದೆಂದು ನಮ್ಮ ಹಳೆಯ ಕವಿಗಳನ್ನು ಕೇಳಿದರೆ ತಾವರೆಯೆಂದಾರು. ಇಂದಿನ ಶಾಲೆಯ ಹುಡುಗನನ್ನು ಕೇಳಿದರೆ ಸೂರ್ಯಕಾಂತಿಯೆಂದಾನು. ಹೆಸರೇನೋ ನಮ್ಮದೇ, ಹೂವು ಮಾತ್ರ ನಮ್ಮದಲ್ಲ. ಅದು ಉತ್ತರ ಅಮೆರಿಕದ ಬಯಲುಗಳ ಕಾಡುಹೂವು. ಸೇವಂತಿಗೆ, ಚೆಂಡುಹೂವುಗಳ ಮನೆತನಕ್ಕೆ ಸೇರಿದ್ದು. ನಾವು ಒಂದು ಹೂವೆಂದು ಕಾಣುವುದು ನಿಜವಾಗಿ ನೂರಾರು ಪುಟ್ಟ ಹೂವುಗಳ ಒಂದು ಸಭೆ.

ಆ ಕಾಡುಗಿಡ ಇಂದಿಗೂ ಅಲ್ಲಿನ ರಸ್ತೆಗಳ ಮಗ್ಗುಲಲ್ಲಿ ಕಳೆಯಂತೆ ಬೆಳೆಯುತ್ತದೆ. ಒಂದು ಗಿಡಕ್ಕೆ ಹತ್ತಾರು ಕವಲು, ಕವಲಿಗೊಂದು ಚಿಕ್ಕ ಹೂವು, ಹೂವಿಗೆ ಸಣ್ಣ ಸಣ್ಣ ಕಾಳು. ಒಂದೇ ದಂಟು, ಅದರ ತುದಿಯಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಹೂವು ಎಂಬುದು ಮನುಷ್ಯನ ಆರೈಕೆಯ ಫಲ. 4,000 ವರ್ಷಗಳಿಗೂ ಹಿಂದೆಯೇ ಅಲ್ಲಿನ ಮೂಲನಿವಾಸಿಗಳು ದಪ್ಪ ಕಾಳುಗಳನ್ನು ಆರಿಸಿ ಆರಿಸಿ ಬಿತ್ತಿ ಈ ರೂಪಕ್ಕೆ ತಂದರು.

ಅವರು ಹೇಗೆ ಬೆಳೆಯುತ್ತಿದ್ದರೆಂಬುದಕ್ಕೆ ಒಂದು ಒಳ್ಳೆಯ ಸಾಕ್ಷ್ಯ ಉಳಿದುಬಂದಿದೆ. ಮಿಸ್ಸೂರಿ ನದಿಯ ದಂಡೆಯ ಹಿಡಾಟ್ಸ ಜನದ ಬಫಲೋ ಬರ್ಡ್ ವುಮನ್ ಎಂಬ ವೃದ್ಧೆ ತನ್ನ ಬೇಸಾಯದ ವಿವರವನ್ನೆಲ್ಲ ಗಿಲ್ಬರ್ಟ್ ವಿಲ್ಸನ್ ಎಂಬಾತನಿಗೆ ಹೇಳಿ ಬರೆಸಿದಳು. 1917ರಲ್ಲಿ ಅದು ಪುಸ್ತಕವಾಯಿತು. ಏಪ್ರಿಲ್ ಮೊದಲಲ್ಲಿ ನದಿಯ ಹಿಮಗಡ್ಡೆ ಒಡೆದು ನೆಲ ಹದವಾಗುತ್ತಲೇ ಅವರು ಬಿತ್ತುತ್ತಿದ್ದ ಮೊದಲ ಬೀಜ ಇದು. ಹೊಲದ ನಡುವೆ ಮೆಕ್ಕೆಜೋಳಕ್ಕೆ ಜಾಗ, ಇದಕ್ಕೆ ಅಂಚು. ಎಂಟೊಂಬತ್ತು ಹೆಜ್ಜೆಗೊಂದು ಗುಣಿ, ಗುಣಿಗೆ ಮೂರು ಬೀಜ. ಒತ್ತೊತ್ತಾಗಿ ಎಂದೂ ಹಾಕುತ್ತಿರಲಿಲ್ಲ. ಹೂವಿನ ಬೆನ್ನು ಹಳದಿಯಾದಾಗ ಕೊಯ್ದು, ಮನೆಯ ಮಾಡಿನ ಮೇಲೆ ಬೋರಲಾಗಿ ಹರವಿ ಒಣಗಿಸಿ, ಕೋಲಿನಿಂದ ಬಡಿದು ಕಾಳು ಬಿಡಿಸುತ್ತಿದ್ದರು. ಹುರಿದು ಕುಟ್ಟಿದ ಹಿಟ್ಟಿನ ಉಂಡೆ ದೂರ ಹೋಗುವ ಯೋಧರ ಬುತ್ತಿ. ದಣಿದಾಗ ಸ್ವಲ್ಪ ಸ್ವಲ್ಪವೇ ಕಚ್ಚಿ ತಿಂದು ಚೇತರಿಸಿಕೊಳ್ಳುತ್ತಿದ್ದರಂತೆ. ಯಾವ ಕಾಲೇಜನ್ನೂ ಕಾಣದ ಈ ಒಕ್ಕಲಗಿತ್ತಿ ಹೇಳಿದ ಮಾತುಗಳಲ್ಲಿ ತಳ್ಳಿಹಾಕುವಂಥದು ಕಡಮೆ. ತುಂಬ ಬಿಸಿಲು, ದೂರದೂರ ಬಿತ್ತನೆ, ಬಿತ್ತಿದ ಕಡೆಯೇ ಬೆಳೆಯಲು ಬಿಡುವುದು: ಹಿತ್ತಲಲ್ಲಿ ನಾಲ್ಕು ಗಿಡ ಹಾಕುವವರಿಗೆ ಇಂದಿಗೂ ಇದೇ ಪಾಠ.

ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಬೀಜವನ್ನು ಯೂರೋಪಿಗೆ ಒಯ್ದರು. ಅಲ್ಲಿ ಅದು ಬಹುಕಾಲ ಬರಿಯ ತೋಟದ ಸೋಜಿಗವಾಗಿತ್ತು. ಲಂಡನ್ನಿನ ಜಾನ್ ಜೆರಾರ್ಡ್ ತನ್ನ ತೋಟದಲ್ಲಿ ಅದು 14 ಅಡಿ ಬೆಳೆಯಿತೆಂದು 1597ರಲ್ಲಿ ಹೆಮ್ಮೆಯಿಂದ ಬರೆದ. ಹೂವು ಸೂರ್ಯನೊಡನೆ ತಿರುಗುವುದೆಂಬ ಮಾತನ್ನು ಮಾತ್ರ ತಾನೆಷ್ಟು ನೋಡಿದರೂ ಕಾಣಲಾಗಲಿಲ್ಲವೆಂದ. ಅವನು ಕಂಡದ್ದು ಸುಳ್ಳಲ್ಲ. ತಿರುಗುವುದು ಎಳೆಯ ಗಿಡ ಮತ್ತು ಮೊಗ್ಗು. ಅರಳಿದ ಹೂವು ಪೂರ್ವಕ್ಕೆ ಮುಖಮಾಡಿ ನಿಂತುಬಿಡುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುವ ಅಂಥ ಹೂವಿಗೆ ಜೇನುನೊಣಗಳು ಹೆಚ್ಚಾಗಿ ಬರುತ್ತವೆಂದು 2016ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ತೋರಿಸಿಕೊಟ್ಟರು.

ತೋಟದ ಹೂವು ಹೊಲದ ಬೆಳೆಯಾದದ್ದು ರಷ್ಯದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಎಣ್ಣೆಗಾಗಿ ಅದರ ಬೇಸಾಯ ಅಲ್ಲಿ ಹಬ್ಬಿತು. ಇಪ್ಪತ್ತನೆಯ ಶತಮಾನದಲ್ಲಿ ಕ್ರಾಸ್ನೊದಾರಿನ ವಸೀಲಿ ಪುಸ್ತವೊಯ್ತ್ ಬೀಜವನ್ನು ಆರಿಸುತ್ತ ಹೋಗಿ ಕಾಳಿನ ಎಣ್ಣೆಯನ್ನು ನೂರಕ್ಕೆ 50ರ ಸುಮಾರಿಗೆ ಏರಿಸಿದ. 1969ರಲ್ಲಿ ನಮ್ಮ ದೇಶಕ್ಕೆ ಬೆಳೆಯಾಗಿ ಬಂದದ್ದು ಈ ರಷ್ಯದ ತಳಿಗಳೇ. ವಿಜಯಪುರ, ರಾಯಚೂರು, ಬಳ್ಳಾರಿಗಳ ಎರೆನೆಲ ಹಳದಿಯಾದದ್ದು ಆಮೇಲೆ.

ಆದರೆ ಹೊಲದಲ್ಲಿ ಒಂದು ತೊಡಕು ಎದುರಾಯಿತು. ಈ ಹೂವು ತನ್ನ ಪರಾಗಕ್ಕೆ ತಾನೇ ಸುಲಭವಾಗಿ ಕಾಳು ಕಟ್ಟದು. ಜೇನುನೊಣ ಬಾರದಿದ್ದರೆ ನಡುವೆಲ್ಲ ಜೊಳ್ಳು. ರೈತರು ಬೆಳಿಗ್ಗೆ ಬಟ್ಟೆ ಹಿಡಿದು ಹೂವಿನಿಂದ ಹೂವಿಗೆ ಮೆಲ್ಲಗೆ ಸವರುತ್ತ ನಡೆಯಬೇಕಾಯಿತು. ಚೆನ್ನಾಗಿ ಕಾಳು ಕಟ್ಟುವ ಸಂಕರ ಬೀಜ ಬೇಕೆಂದರೆ ಪರಾಗವಿಲ್ಲದ ತಾಯಿಗಿಡ ಬೇಕು. ಒಂದೊಂದು ಹೂವಿನಲ್ಲಿಯೂ ಇರುವ ನೂರಾರು ಕಿರುಹೂಗಳ ಕೇಸರಗಳನ್ನು ಕೈಯಿಂದ ಕೀಳುವುದಾದರೂ ಹೇಗೆ?

ಉತ್ತರ ದೊರೆತದ್ದು ಕಾಡಿನಿಂದ. ಅಮೆರಿಕದ ಮರಳುನೆಲದಲ್ಲಿ ತಾನಾಗಿ ಬೆಳೆಯುವ, ಹೆಲಿಯಾಂಥಸ್ ಪೆಟಿಯೊಲಾರಿಸ್ ಎಂಬ ಚಿಕ್ಕ ಹೂವಿನ ಸೋದರ ಗಿಡದೊಡನೆ ಹೊಲದ ಸೂರ್ಯಕಾಂತಿಯನ್ನು ಕೂಡಿಸಿದಾಗ ಅದರ ಸಂತತಿಯಲ್ಲಿ ಪರಾಗವಿಲ್ಲದ ಗಿಡಗಳು ಹುಟ್ಟಿದವು. 1969ರಲ್ಲಿ ಫ್ರಾನ್ಸಿನ ಲಕ್ಲೇರ್ ಇದನ್ನು ಪ್ರಕಟಿಸಿದ. ಜಗತ್ತಿನ ಸಂಕರ ಸೂರ್ಯಕಾಂತಿಗೆಲ್ಲ ಬಹುಮಟ್ಟಿಗೆ ಈ ಗಿಡವೇ ಮೂಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1980ರಲ್ಲಿ ಹೊರತಂದ ಬಿ.ಎಸ್.ಎಚ್.-1 ಭಾರತದ ಮೊದಲ ಸಂಕರ ಸೂರ್ಯಕಾಂತಿ. ಅಂದರೆ, ಯಾರೂ ನೀರೆರೆಯದ ಒಂದು ಕಳೆಗಿಡ ನಮ್ಮ ಎರೆಹೊಲಗಳಿಗೆ ಉಪಕಾರ ಮಾಡಿತು.

ಆ ಉಪಕಾರ ಮುಗಿದಿಲ್ಲ. ನ್ಯೂ ಮೆಕ್ಸಿಕೊ ಮತ್ತು ಟೆಕ್ಸಾಸಿನ ಉಪ್ಪುಜೌಗಿನಲ್ಲಿ ಮಾತ್ರ ಬೆಳೆಯುವ ಇನ್ನೊಂದು ಕಾಡುಸೂರ್ಯಕಾಂತಿಯುಂಟು. ಉಪ್ಪನ್ನು ತಾಳುವ ಅದರ ಗುಣವನ್ನು ಬೆಳೆಗೆ ತರಲು ವಿಜ್ಞಾನಿಗಳು ದುಡಿದಿದ್ದಾರೆ. ಕಾಲುವೆಯ ನೀರುಂಡು ಚೌಳಾದ ತುಂಗಭದ್ರೆಯ ಬಯಲನ್ನು ಬಲ್ಲವರಿಗೆ ಅದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಗಿಡ ನಿಂತಿರುವ ಒರತೆಗಳೇ ಬತ್ತುತ್ತಿವೆ; 1999ರಲ್ಲಿ ಅಮೆರಿಕದ ಸರಕಾರ ಅದನ್ನು ಅಳಿವಿನ ಭಯದಲ್ಲಿರುವ ಗಿಡಗಳ ಪಟ್ಟಿಗೆ ಸೇರಿಸಿತು.

ಗಿಡದ ಆರೈಕೆಯೆಂದರೆ ನೀರು, ಗೊಬ್ಬರ, ಗಿಳಿ ಕಾಯುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಹೊಲದ ಹೂವನ್ನು ಹೀಗೆ ಸಾಕಿದರೆ ಸಾಕು. ಕಾಡಿನ ಹೂವು ಇದಾವುದನ್ನೂ ಕೇಳುವುದಿಲ್ಲ. ಅದು ನಿಂತ ನೆಲವನ್ನು ಅದಕ್ಕೆ ಬಿಟ್ಟರೆ ಸಾಕು. ಹಿಡಾಟ್ಸದ ಅಜ್ಜಿ ತನ್ನ ಹೊಲದಲ್ಲಿ ಸೂರ್ಯಕಾಂತಿಗೆ ಅಂಚನ್ನಾದರೂ ಕೊಟ್ಟಿದ್ದಳು. ನಾವು ಅದರ ಕಾಡಿನ ಬಳಗಕ್ಕೆ ಅಷ್ಟನ್ನಾದರೂ ಉಳಿಸುವೆವೋ ಇಲ್ಲವೋ ಎಂಬುದೇ ಈಗಿನ ಪ್ರಶ್ನೆ.